ಅಂಗಡಿಗೆ, ಹೋಂಸ್ಟೇಗೆ ಫೋನ್ ವ್ಯವಸ್ಥೆ ಆರಿಸುವುದು ಹೇಗೆ: ಮಲೆನಾಡಿನ ಕಡೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಅಂಗಡಿಯ ಫೋನಿಗೆ ಪುರುಸೊತ್ತಿರುವುದಿಲ್ಲ. ಚಿಕ್ಕಮಗಳೂರಿನಲ್ಲಿ ನಮ್ಮದು ಪಂಪ್‌ಸೆಟ್, ಸ್ಪ್ರಿಂಕ್ಲರ್ ಪೈಪು, ಕಳೆ ಕೊಚ್ಚುವ ಯಂತ್ರ ಇವುಗಳ ಬಿಡಿಭಾಗ ಮಾರುವ, ರಿಪೇರಿ ಮಾಡುವ ಅಂಗಡಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂ ಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿ ತೋಟಕ್ಕೆ ನೀರು ಹೊಡೆಯಲೇಬೇಕು. ಆ ಹೊತ್ತಿಗೆ ಪಂಪು ಕೆಟ್ಟರೆ ತೋಟದವರು ಒಂದು ದಿನ ಕೂಡ ಕಾಯುವ ಹಾಗಿಲ್ಲ. ನಮಗೆ ಫೋನ್ ಮಾಡುತ್ತಾರೆ. ಎಂಗೇಜ್ ಬಂದರೆ ಇನ್ನೊಂದು ಸಲ ಮಾಡುತ್ತಾರೆ. ಮೂರನೇ ಸಲ ಮಾಡುವುದು ಬೇರೆ ಅಂಗಡಿಗೆ.

ಇದನ್ನು ಸರಿಮಾಡಲು ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಸೀದಾ ಹೋಗಿ ಒಂದು ದೊಡ್ಡ ಇಪಿಎಬಿಎಕ್ಸ್ ಡಬ್ಬ, ಅಂದರೆ ಹೊರಗಿನ ಲೈನನ್ನು ಒಳಗಿನ ಹಲವು ಫೋನ್‌ಗಳಿಗೆ (ಎಕ್ಸ್‌ಟೆನ್ಶನ್) ಹಂಚುವ ಯಂತ್ರ, ತಂದು ಗೋಡೆಗೆ ಹಾಕಿಸಿದೆ. ಹೊರಗಿನ ಲೈನ್ ಮಾತ್ರ ಒಂದೇ ಇತ್ತು. ಎಂಟು ಎಕ್ಸ್‌ಟೆನ್ಶನ್ ಇದ್ದರೂ ಗ್ರಾಹಕರಿಗೆ ಎಂಗೇಜ್ ಶಬ್ದ ತಪ್ಪಲಿಲ್ಲ. ಆಮೇಲೆ ತಿಳಿದಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿ, ಕ್ಲಿನಿಕ್, ಹೋಂಸ್ಟೇ, ಕಾಫಿ ಪುಡಿ ಮಾಡುವವರು, ಹಾಸನ ಕಡೆಯ ಸಣ್ಣ ಕಾರ್ಖಾನೆ, ಯಾರಿಗಾದರೂ ಇದು ಉಪಯೋಗಕ್ಕೆ ಬರಲಿ. ಡಬ್ಬ ಯಾವುದು ಅನ್ನುವ ಪ್ರಶ್ನೆ ಕೊನೆಗೆ ಬರಬೇಕು. ಕರೆ ಬಂದಾಗ ಯಾರು ಎತ್ತುತ್ತಾರೆ, ಅವರು ಎತ್ತದಿದ್ದರೆ ಕರೆ ಎಲ್ಲಿಗೆ ಹೋಗುತ್ತದೆ, ಇದು ಮೊದಲ ಪ್ರಶ್ನೆ.

ಹೆಜ್ಜೆ 1: ಒಂದು ವಾರ ನೋಟ್‌ಬುಕ್ ಹಿಡಿದು ಲೆಕ್ಕ ಹಾಕಿ

ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಡಿ. ಕರೆ ಬಂದಾಗೆಲ್ಲ ಒಂದು ಸಾಲು ಬರೆಯಿರಿ. ಎಷ್ಟು ಗಂಟೆಗೆ ಬಂತು, ಎಷ್ಟು ನಿಮಿಷ ಮಾತಾಡಿದಿರಿ, ಯಾಕೆ ಮಾಡಿದ್ದರು, ಯಾರು ಉತ್ತರ ಕೊಟ್ಟರು. ತಪ್ಪಿದ ಕರೆಯನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಮೊಬೈಲ್‌ನಲ್ಲಿ ಕಾಲ್ ವೇಟಿಂಗ್ ಆನ್ ಮಾಡಿಡಿ. ಇಲ್ಲದಿದ್ದರೆ ನೀವು ಮಾತಾಡುತ್ತಿದ್ದಾಗ ಎಷ್ಟು ಜನ ವಾಪಸ್ ಹೋದರು ಅನ್ನುವುದೇ ಗೊತ್ತಾಗುವುದಿಲ್ಲ.

ಸಾಧ್ಯವಾದರೆ ಈ ಲೆಕ್ಕವನ್ನು ಸೀಸನ್‌ನಲ್ಲೇ ಮಾಡಿ. ನಮಗೆ ಫೆಬ್ರವರಿ, ಮಾರ್ಚ್. ಹೋಂಸ್ಟೇಯವರಿಗೆ ಡಿಸೆಂಬರ್ ಕೊನೆಯ ವಾರ, ಮತ್ತೆ ಉದ್ದ ವಾರಾಂತ್ಯಗಳು. ಕಾಫಿ ಕೊಳ್ಳುವವರಿಗೆ ಕೊಯ್ಲಿನ ಕಾಲ. ಆಷಾಢದಲ್ಲಿ ಲೆಕ್ಕ ಹಾಕಿ ವ್ಯವಸ್ಥೆ ಮಾಡಿದರೆ ಬೇಸಿಗೆಯಲ್ಲಿ ಒದ್ದಾಡುತ್ತೀರಿ.

ವಾರ ಮುಗಿದ ಮೇಲೆ ತುಂಬಾ ಜಾಸ್ತಿ ಕರೆ ಬಂದ ಒಂದು ಗಂಟೆಯನ್ನು ಹುಡುಕಿ. ನಮ್ಮಲ್ಲಿ ಅದು ಬೆಳಿಗ್ಗೆ 8ರಿಂದ 9. ತೋಟದ ಮೇಲ್ವಿಚಾರಣೆ ನೋಡುವ ರೈಟರ್‌ಗಳು ಆಳುಗಳನ್ನು ಕೆಲಸಕ್ಕೆ ಹಚ್ಚಿ, ಪಂಪ್ ಹೌಸಿಗೆ ಹೋಗಿ, ಮೋಟಾರು ತಿರುಗುತ್ತಿಲ್ಲ ಅಂತ ನೋಡುವ ಹೊತ್ತು ಅದು.

ಈಗ ಒಂದು ಲೆಕ್ಕ. ಆ ಗಂಟೆಯಲ್ಲಿ 20 ಕರೆ ಬರುತ್ತದೆ, ಒಂದೊಂದೂ 3 ನಿಮಿಷ ಅಂತ ಇಟ್ಟುಕೊಳ್ಳಿ. ಒಟ್ಟು 60 ನಿಮಿಷ. ಗಂಟೆಗೆ 60 ನಿಮಿಷವೇ ಇರುವುದರಿಂದ ಒಂದು ಲೈನ್ ಸಾಕು ಅನ್ನಿಸುತ್ತದೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕರೆಗಳು ಸಾಲಾಗಿ ನಿಂತು ಒಂದರ ಹಿಂದೆ ಒಂದು ಬರುವುದಿಲ್ಲ. ಮೂರು ಒಟ್ಟಿಗೆ ಬರುತ್ತವೆ, ಆಮೇಲೆ ಹತ್ತು ನಿಮಿಷ ಏನೂ ಇರುವುದಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ ಎಂಬ ಗಣಿತಜ್ಞ 1917ರಲ್ಲೇ ಇದಕ್ಕೊಂದು ಸೂತ್ರ ಬರೆದ. ಅದನ್ನು ಈ ಲೆಕ್ಕಕ್ಕೆ ಹಾಕಿದರೆ ಬರುವ ಉತ್ತರ ಹೀಗಿದೆ. ಒಂದೇ ಲೈನ್ ಇದ್ದರೆ ನೂರಕ್ಕೆ 50 ಕರೆಗೆ ಎಂಗೇಜ್. ಎರಡು ಲೈನ್ ಇದ್ದರೆ 20 ಕರೆಗೆ. ಮೂರಾದರೆ ಸುಮಾರು 6. ನಾಲ್ಕಾದರೆ ಒಂದೂವರೆ.

ನನ್ನ ಕಣ್ಣು ತೆರೆಸಿದ್ದು ಈ ಲೆಕ್ಕ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು. ಮೂರರ ಮೇಲೆ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ಇಷ್ಟು ಕರೆ ಬರುವ ಅಂಗಡಿಗೆ ಮೂರು ಲೈನ್ ಸಾಕು ಅನ್ನುವುದು ನನ್ನ ಅನುಭವ. ಆದರೆ ಬರೀ ಲೈನ್ ಇದ್ದರೆ ಸಾಲದು, ಎತ್ತುವ ಕೈಗಳೂ ಬೇಕು. ಮೂರು ಲೈನ್ ಹಾಕಿಸಿ ಕೌಂಟರ್‌ನಲ್ಲಿ ಒಬ್ಬನನ್ನೇ ಕೂರಿಸಿದರೆ, ಎಂಗೇಜ್ ಶಬ್ದದ ಜಾಗದಲ್ಲಿ ರಿಂಗ್ ಶಬ್ದ ಕೇಳುತ್ತದೆ, ಅಷ್ಟೇ.

ನೋಟ್‌ಬುಕ್ಕಿನ ಇನ್ನೊಂದು ಕಾಲಂ ನೋಡಿ: ಯಾಕೆ ಮಾಡಿದ್ದರು? ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆ ‘ಈ ಸ್ಪೇರ್ ಇದೆಯಾ, ಇಲ್ಲವಾ’ ಅಂತ ಕೇಳುವುದಕ್ಕೆ. ಅದಕ್ಕೆ ವಾಟ್ಸ್‌ಆಪ್‌ನಲ್ಲಿ ಒಂದು ಫೋಟೋ ಸಾಕು. ಕೆಟ್ಟ ಬುಷ್‌ನ ಫೋಟೋ ಕಳಿಸಿ ಅಂತ ಹೇಳಲು ಶುರುಮಾಡಿದ ಮೇಲೆ ಮಾತಿನ ಹೊತ್ತೂ ಉಳಿಯಿತು, ತಪ್ಪು ಸ್ಪೇರ್ ಕಟ್ಟಿಕೊಡುವುದೂ ಕಡಿಮೆಯಾಯಿತು. ಎಲ್ಲ ಕರೆಯನ್ನೂ ಫೋನಿನಲ್ಲೇ ಮುಗಿಸಬೇಕು ಅಂತೇನಿಲ್ಲ.

ಹೆಜ್ಜೆ 2: ಕರೆಂಟು, ಸಿಗ್ನಲ್, ನೆಟ್ ಮೂರನ್ನೂ ಪರೀಕ್ಷಿಸಿ

ಬೆಂಗಳೂರಿನವರು ಬರೆದ ಸಲಹೆ ನಮ್ಮಲ್ಲಿ ನಡೆಯದೇ ಹೋಗುವುದು ಇಲ್ಲಿಯೇ. ಜುಲೈ ಮಳೆಯಲ್ಲಿ ಒಂದು ಸಿಲ್ವರ್ ಓಕ್ ತಂತಿ ಮೇಲೆ ಬಿದ್ದರೆ ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಎರಡು ಮೂರು ದಿನ ಕರೆಂಟಿಲ್ಲದೆ ಇರುವುದು ಹೊಸದೇನಲ್ಲ.

ಹಳೇ ತಾಮ್ರದ ಲ್ಯಾಂಡ್‌ಲೈನ್‌ಗೆ ಮನೆಯ ಕರೆಂಟ್ ಬೇಕಿರಲಿಲ್ಲ. ಎಕ್ಸ್‌ಚೇಂಜ್‌ನಲ್ಲಿದ್ದ 48 ವೋಲ್ಟ್ ಬ್ಯಾಟರಿಯಿಂದಲೇ ಆ ತಂತಿಗೆ ವಿದ್ಯುತ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ರಿಂಗ್ ಆಗುತ್ತಿತ್ತು. ಈಗ ಬರುವ ಫೈಬರ್ ಲೈನ್ ಹಾಗಲ್ಲ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆಯೇ ಹೊರತು ಕರೆಂಟು ಹೋಗುವುದಿಲ್ಲ. ಫೈಬರ್ ಬಂದು ಸೇರುವ, ನಿಮ್ಮ ಗೋಡೆಯ ಮೇಲಿನ ಓಎನ್‌ಟಿ ಡಬ್ಬಕ್ಕೆ ಕರೆಂಟ್ ಹೋದ ಕ್ಷಣವೇ ಲ್ಯಾಂಡ್‌ಲೈನ್ ಸತ್ತಹಾಗೆ. ಲೈನ್ ಹಾಕುವವರು ಇದನ್ನು ತಾವಾಗಿ ಹೇಳುವುದು ಕಡಿಮೆ.

ಪರಿಹಾರ ಕಷ್ಟದ್ದಲ್ಲ. ಓಎನ್‌ಟಿ, ರೂಟರ್, ಫೋನ್ ಡಬ್ಬ ಎಲ್ಲ ಸೇರಿ 40 ವಾಟ್ ಎಳೆಯುತ್ತವೆ ಅಂತ ಇಟ್ಟುಕೊಳ್ಳಿ. ಮನೆಯಲ್ಲಿರುವ 12 ವೋಲ್ಟ್, 150 ಎಎಚ್ ಇನ್ವರ್ಟರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಅವರ್ ಇರುತ್ತದೆ. ಬ್ಯಾಟರಿ ಹಳೆಯದಾಗಿರುವುದು, ಇನ್ವರ್ಟರ್ ತಿನ್ನುವುದು ಎಲ್ಲ ಕಳೆದು ಅರ್ಧ ಅಂದರೂ 900. 40ರಿಂದ ಭಾಗಿಸಿದರೆ 22 ಗಂಟೆ. ಆದರೆ ಅದೇ ಇನ್ವರ್ಟರ್‌ಗೆ ಫ್ಯಾನು, ಟಿವಿ, ಮಿಕ್ಸಿ ಸೇರಿಸಿದರೆ ಸಂಜೆಯೊಳಗೆ ಬ್ಯಾಟರಿ ಮಲಗುತ್ತದೆ. ಫೋನಿನ ಡಬ್ಬಗಳಿಗೆ ಬೇರೆ ಪಾಯಿಂಟ್ ಎಳೆಸಿ. ಇನ್ವರ್ಟರ್ ಇಲ್ಲದವರು ರೂಟರ್‌ಗೆಂದೇ ಬರುವ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿಕೊಳ್ಳಿ. ಕೊಳ್ಳುವ ಮೊದಲು ಓಎನ್‌ಟಿ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿ.

ಸಿಗ್ನಲ್ ಪರೀಕ್ಷೆಗೆ ಬೇರೆ ಬೇರೆ ಕಂಪನಿಯ ಸಿಮ್ ಇರುವ ಮೂರು ನಾಲ್ಕು ಜನರನ್ನು ಕರೆಸಿ. ಫೋನಿನ ಮೇಲಿನ ಕಡ್ಡಿ ಎಣಿಸಬೇಡಿ. ಗೋಡೌನ್ ಒಳಗೆ, ಕೌಂಟರ್‌ನಲ್ಲಿ, ಹಿಂದಿನ ವರ್ಕ್‌ಶಾಪ್‌ನಲ್ಲಿ ನಿಂತು ಎರಡೆರಡು ನಿಮಿಷ ಮಾತಾಡಿ ನೋಡಿ. ಗುಡ್ಡದ ನೆರಳಿನಲ್ಲಿರುವ ಜಾಗದಲ್ಲಿ ಹತ್ತು ಅಡಿ ಆಚೀಚೆ ಆದರೂ ವ್ಯತ್ಯಾಸ ಇರುತ್ತದೆ. ಸಿಗ್ನಲ್ ಇಲ್ಲ, ಫೈಬರ್ ಇದೆ ಅನ್ನುವವರು ಮೊಬೈಲ್ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಮೊಬೈಲ್ ನಂಬರಿಗೆ ಬರುವ ಕರೆ ವೈಫೈ ಮೂಲಕವೇ ಬರುತ್ತದೆ. ಎಸ್ಟೇಟ್ ಒಳಗಿನ ಎಷ್ಟೋ ಹೋಂಸ್ಟೇಗಳ ಅರ್ಧ ತೊಂದರೆ ಇದೊಂದರಲ್ಲೇ ಮುಗಿಯಬಹುದು.

ಇನ್ನು ನೆಟ್. ಮಾತಿಗೆ ಬೇಕಾದ ಸ್ಪೀಡು ತೀರಾ ಕಡಿಮೆ. ಒಳ್ಳೆ ಗುಣಮಟ್ಟದ ಒಂದು ಕರೆಗೆ ಎರಡೂ ಕಡೆಗೆ ಸುಮಾರು 90 ಕೆಬಿಪಿಎಸ್ ಸಾಕು. ಹತ್ತು ಕರೆ ಒಟ್ಟಿಗೆ ನಡೆದರೂ 1 ಎಂಬಿಪಿಎಸ್ ದಾಟುವುದಿಲ್ಲ. ಹಾಗಾಗಿ ‘ಫೋನಿಗೋಸ್ಕರ 300 ಎಂಬಿಪಿಎಸ್ ಪ್ಲಾನ್ ತಗೊಳ್ಳಿ’ ಅಂದರೆ ನಂಬಬೇಡಿ. ಮಾತು ಕತ್ತರಿಸುವುದು ನೆಟ್ ತಡವರಿಸುವುದರಿಂದ. ಸಿಸಿಟಿವಿ ದೃಶ್ಯ ಅಪ್‌ಲೋಡ್ ಆಗುತ್ತಿರುವಾಗ, ಹುಡುಗರು ವಿಡಿಯೋ ನೋಡುತ್ತಿರುವಾಗ, ಸಂಜೆ 8ರ ಹೊತ್ತಿಗೆ ಹತ್ತು ನಿಮಿಷ ವಾಟ್ಸ್‌ಆಪ್ ಕರೆ ಮಾಡಿ ನೋಡಿ. ಮಾತು ನುಂಗಿದರೆ ರೂಟರ್‌ನಲ್ಲಿ ಧ್ವನಿಗೆ ಮೊದಲ ಆದ್ಯತೆ ಕೊಡಿಸಿ. ಅದೂ ಆಗದಿದ್ದರೆ ನೆಟ್ ಮೇಲೆ ನಡೆಯುವ ಫೋನ್ ನಿಮಗೆ ಬೇಡ.

ಹೆಜ್ಜೆ 3: ನಂಬರ್ ಯಾರ ಹೆಸರಿನಲ್ಲಿದೆ?

ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ.

ನಮ್ಮ ಬೋರ್ಡು, ಬಿಲ್ ಬುಕ್, ಕ್ಯಾಲೆಂಡರ್ ಎಲ್ಲದರ ಮೇಲೂ ಇದ್ದ ನಂಬರ್ ಕೌಂಟರ್‌ನಲ್ಲಿದ್ದ ಹುಡುಗನದು. ಅಂಗಡಿ ಶುರುವಾದಾಗ ಅವಸರಕ್ಕೆ ಅವನ ಆಧಾರ್ ಕೊಟ್ಟು ಸಿಮ್ ತಂದಿದ್ದೆವು. ಆರು ವರ್ಷದ ಮೇಲೆ ಅವನು ಕೆಲಸ ಬಿಟ್ಟ. ಸಿಮ್ ಅವನ ಹೆಸರಿನಲ್ಲಿತ್ತು, ಹಾಗಾಗಿ ಜೊತೆಗೇ ಹೋಯಿತು. ಅವನದೇನೂ ತಪ್ಪಿಲ್ಲ. ಆ ಬೇಸಿಗೆಯಲ್ಲಿ ಆಲ್ದೂರಿನ ಒಬ್ಬ ಹಳೇ ಗಿರಾಕಿ ಅಂಗಡಿಗೆ ಬಂದು, ‘ಏನಣ್ಣ, ಅಂಗಡಿ ಮುಚ್ಚಿದ್ರಿ ಅಂದ್ಕೊಂಡಿದ್ದೆ’ ಅಂದಾಗ ಎದೆ ಧಸಕ್ಕೆಂದಿತು. ಹೀಗೆ ಅಂದುಕೊಂಡು ಬರದೇ ಹೋದವರು ಎಷ್ಟು ಜನವೋ.

ಆಮೇಲೆ ಒಬ್ಬ ಮಧ್ಯವರ್ತಿಯಿಂದ ಕ್ಲೌಡ್ ನಂಬರ್, ಅಂದರೆ ಬಂದ ಕರೆಯನ್ನು ಕಂಪನಿಯ ಕಂಪ್ಯೂಟರ್ ನಮ್ಮ ಮೊಬೈಲ್‌ಗಳಿಗೆ ದಾಟಿಸುವ ನಂಬರ್, ಕೊಂಡೆ. ಅದು ಅವರ ಖಾತೆಯಲ್ಲಿತ್ತು. ಅವರು ವ್ಯವಹಾರ ನಿಲ್ಲಿಸಿದ ದಿನ ನನ್ನ ನಂಬರೂ ನಿಂತಿತು.

ಹಾಗಾಗಿ ಇವಿಷ್ಟನ್ನು ನೋಡಿಕೊಳ್ಳಿ. ನಂಬರ್ ಮಾಲೀಕರ ಅಥವಾ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಬಿಲ್ ನೇರವಾಗಿ ನಿಮ್ಮ ಹೆಸರಿಗೆ, ನಿಮ್ಮ ಜಿಎಸ್‌ಟಿ ನಂಬರ್ ಹಾಕಿ ಬರಬೇಕು. ಫೋನ್ ಬಿಲ್ ಮೇಲಿನ ಜಿಎಸ್‌ಟಿ ಶೇ. 18. ಜಿಎಸ್‌ಟಿಗೆ ನೋಂದಾಯಿಸಿ ತೆರಿಗೆ ಕಟ್ಟುವವರು ಅದನ್ನು ಇನ್‌ಪುಟ್ ಆಗಿ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಾಗೆ, ಪಡೆಯಬಹುದು, ಸುಮ್ನೆ ಬಿಡಬೇಡಿ. ಒಬ್ಬರ ಹೆಸರಿನಲ್ಲಿ 9 ಸಿಮ್‌ಗಿಂತ ಹೆಚ್ಚು ಇರುವ ಹಾಗಿಲ್ಲ. ನಿಮ್ಮ ಹೆಸರಿನಲ್ಲಿ ಎಷ್ಟಿವೆ ಅಂತ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ರೀಚಾರ್ಜ್ ಮರೆತು ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ವ್ಯಾಪಾರದ ನಂಬರಿಗೆ ಪೋಸ್ಟ್‌ಪೇಯ್ಡ್ ಒಳ್ಳೆಯದು ಅನ್ನುವುದು ಇದಕ್ಕೇ.

ಯಾವ ಥರದ ನಂಬರ್ ತೆಗೆದುಕೊಳ್ಳಬೇಕು? ಮೊಬೈಲ್ ನಂಬರನ್ನು ಕಂಪನಿ ಬದಲಿಸಿದರೂ ಉಳಿಸಿಕೊಳ್ಳಬಹುದು. 1900ಕ್ಕೆ ಇಂಗ್ಲಿಷ್‌ನಲ್ಲಿ PORT ಎಂದು ಬರೆದು, ಮುಂದೆ ನಿಮ್ಮ ನಂಬರ್ ಹಾಕಿ ಎಸ್‌ಎಂಎಸ್ ಕಳಿಸಿದರೆ ಪೋರ್ಟ್ ಕೋಡ್ ಬರುತ್ತದೆ. ಲ್ಯಾಂಡ್‌ಲೈನ್‌ಗೆ ಈ ಸೌಲಭ್ಯ ಇಲ್ಲ. ಆದರೆ ಲ್ಯಾಂಡ್‌ಲೈನ್‌ಗೆ ಬೇರೆಯೇ ಒಂದು ತೂಕ ಇದೆ. 08262 ಅಂತ ನೋಡಿದ ತಕ್ಷಣ ಚಿಕ್ಕಮಗಳೂರು, 08172 ಅಂದರೆ ಹಾಸನ ಅಂತ ಗೊತ್ತಾಗುತ್ತದೆ. ಈ ಅಂಗಡಿ ಒಂದು ಕಡೆ ನೆಲೆ ನಿಂತಿದೆ ಅನ್ನುವ ನಂಬಿಕೆ ಹಿರಿಯ ಗಿರಾಕಿಗಳಿಗೆ ಈಗಲೂ ಅದರಿಂದ ಬರುತ್ತದೆ. ಬೋರ್ಡಿನಲ್ಲಿ ಬರೀ ಆರು ಅಂಕಿ ಬರೆಸಬೇಡಿ, ಎಸ್‌ಟಿಡಿ ಕೋಡ್ ಸೇರಿಸಿ. ಮೊಬೈಲ್‌ನಿಂದ ಮಾಡುವವರಿಗೆ ಅದು ಬೇಕೇ ಬೇಕು. 1800 ಟೋಲ್ ಫ್ರೀ ನಂಬರ್ ನಮ್ಮಂಥವರಿಗೆ ಬೇಡ ಅನ್ನುತ್ತೇನೆ. ಕರೆಯ ಖರ್ಚು ನೀವು ಹೊರಬೇಕು, ಆದರೆ ಗಿರಾಕಿಗಳಲ್ಲಿ ಹೆಚ್ಚಿನವರ ಬಳಿ ಅನ್‌ಲಿಮಿಟೆಡ್ ಪ್ಯಾಕ್ ಇದ್ದೇ ಇರುತ್ತದೆ.

ಹೆಜ್ಜೆ 4: ನಿಮಗೆ ಹೊಂದುವ ವ್ಯವಸ್ಥೆ ಯಾವುದು?

ಒಬ್ಬರು ಅಥವಾ ಇಬ್ಬರೇ ನಡೆಸುವ ಅಂಗಡಿಗೆ ಒಂದು ಒಳ್ಳೆಯ ಮೊಬೈಲ್, ಅಂಗಡಿಯದೇ ಸಿಮ್, ಅದರಲ್ಲಿ ವಾಟ್ಸ್‌ಆಪ್ ಬಿಸಿನೆಸ್ ಸಾಕು. ನಾನು ಇದನ್ನು ಸಣ್ಣದು ಮಾಡಿ ಹೇಳುತ್ತಿಲ್ಲ. ಅಂಗಡಿ ಮುಚ್ಚಿದಾಗ ತಾನಾಗಿ ಹೋಗುವ ಸಂದೇಶ, ಪದೇ ಪದೇ ಕೇಳುವ ಪ್ರಶ್ನೆಗೆ ಸಿದ್ಧ ಉತ್ತರ, ಸಾಮಾನುಗಳ ಕ್ಯಾಟಲಾಗ್ ಎಲ್ಲ ಅದರಲ್ಲಿ ಉಚಿತವಾಗಿಯೇ ಇದೆ. ಫೋನಿನ ಜೊತೆ ಇನ್ನೂ ನಾಲ್ಕು ಸಾಧನಕ್ಕೆ ಜೋಡಿಸಬಹುದು. ಲ್ಯಾಂಡ್‌ಲೈನ್ ನಂಬರಿಗೂ ಇದನ್ನು ಹಾಕಿಕೊಳ್ಳಬಹುದು. ಎಸ್‌ಎಂಎಸ್ ಬದಲು ‘ಕರೆ ಮಾಡಿ’ ಆರಿಸಿದರೆ ಕೋಡ್ ಲ್ಯಾಂಡ್‌ಲೈನ್‌ಗೆ ಧ್ವನಿಯಲ್ಲಿ ಬರುತ್ತದೆ. ಈ ಕೆಲಸವನ್ನು ಆ ಲೈನಿಗೆ ‘ಕನ್ನಡಕ್ಕೆ 1 ಒತ್ತಿ’ ಹಾಕುವ ಮೊದಲೇ ಮುಗಿಸಿ. ಆಮೇಲಾದರೆ ಕೋಡ್ ಹೇಳುವ ಕರೆಗೆ ಉತ್ತರ ಕೊಡುವುದು ನಿಮ್ಮ ಯಂತ್ರ, ಕೋಡ್ ನಿಮ್ಮ ಕಿವಿಗೆ ಬೀಳುವುದಿಲ್ಲ.

ಕ್ಲಿನಿಕ್, ಲಾಡ್ಜ್, ಹೋಂಸ್ಟೇ, ವರ್ಕ್‌ಶಾಪ್‌ಗಳಿಗೆ ಒಳಗೊಳಗೇ ಮಾತಾಡುವ ಇಂಟರ್‌ಕಾಮ್ ಬೇಕು. ಅಲ್ಲಿ ಹಳೇ ಕಾಲದ ಇಪಿಎಬಿಎಕ್ಸ್ ಈಗಲೂ ಗಟ್ಟಿ. ಇದನ್ನು 2+8, 3+8, 4+16 ಅಂತ ಮಾರುತ್ತಾರೆ. ಮೊದಲ ಅಂಕಿ ಹೊರಗಿನ ಲೈನ್, ಎರಡನೆಯದು ಒಳಗಿನ ಎಕ್ಸ್‌ಟೆನ್ಶನ್. ನಾನು ಎಡವಿದ್ದು ಇಲ್ಲೇ. ಎರಡನೇ ಅಂಕಿ ದೊಡ್ಡದಿದೆ ಅಂತ ಖುಷಿಪಟ್ಟೆ, ಮೊದಲ ಅಂಕಿಯ ಕಡೆ ಗಮನ ಕೊಡಲಿಲ್ಲ. ನೀವು ಹೆಜ್ಜೆ 1ರ ಲೆಕ್ಕದಿಂದ ಮೊದಲ ಅಂಕಿಯನ್ನು ನಿರ್ಧರಿಸಿ.

ಫೈಬರ್‌ನ ಓಎನ್‌ಟಿಯಲ್ಲಿ ಫೋನ್ ಸಿಕ್ಕಿಸುವ ತೂತು ಇರುತ್ತದಲ್ಲ, ಅಲ್ಲಿಂದ ತಂತಿ ಎಳೆದು ಹಳೇ ಇಪಿಎಬಿಎಕ್ಸ್‌ಗೆ ಕೊಡಬಹುದು. ಆದರೆ ಒಂದು ಕಾಟ ಇದೆ. ಆ ಕಡೆಯವರು ಫೋನ್ ಇಟ್ಟದ್ದು ಕೆಲವೊಮ್ಮೆ ಡಬ್ಬಕ್ಕೆ ಗೊತ್ತಾಗುವುದಿಲ್ಲ. ಲೈನ್ ಹಾಗೇ ಹಿಡಿದುಕೊಂಡು ಕೂರುತ್ತದೆ, ಗಂಟೆಗಟ್ಟಲೆ ಎಂಗೇಜ್. ಹಾಕುವವರ ಮುಂದೆಯೇ ಪರೀಕ್ಷಿಸಿ. ಹೊರಗಿನಿಂದ ಕರೆ ಮಾಡಿ, ಎತ್ತಿಸಿ, ಹೊರಗಿನವರು ಮೊದಲು ಇಡಲಿ. ಡಬ್ಬದ ಮೇಲಿನ ಲೈನ್ ದೀಪ ಕೂಡಲೇ ಆರಬೇಕು. ಆರದಿದ್ದರೆ ಎಂಗೇಜ್ ಟೋನ್ ಗುರುತಿಸುವ ಸೆಟ್ಟಿಂಗ್ ಸರಿ ಮಾಡಿಸಿ.

ಸಿಮ್ ಹಾಕುವ ಸ್ಲಾಟ್ ಇರುವ ಇಪಿಎಬಿಎಕ್ಸ್‌ಗಳೂ ಸಿಗುತ್ತವೆ. ಲ್ಯಾಂಡ್‌ಲೈನ್ ತಂತಿ ಬರದ ಜಾಗಕ್ಕೆ ಇವು ತುಂಬಾ ಒಳ್ಳೆಯವು. ಆದರೆ ಅಗ್ಗಕ್ಕೆ ಸಿಗುವ ಹಳೇ 2ಜಿ ಡಬ್ಬ ಕೊಳ್ಳಬೇಡಿ. ಜಿಯೋಗೆ 2ಜಿ ಜಾಲವೇ ಇಲ್ಲ, ಆ ಡಬ್ಬದಲ್ಲಿ ಅದರ ಸಿಮ್ ನಡೆಯುವುದಿಲ್ಲ. 4ಜಿಯಲ್ಲಿ ಧ್ವನಿ ಕರೆ, ಅಂದರೆ ವೋಲ್ಟಿ, ಬರುತ್ತದಾ ಅಂತ ಕೇಳಿ, ನಿಮ್ಮದೇ ಸಿಮ್ ಹಾಕಿ ನೋಡಿ ಕೊಳ್ಳಿ.

ಮಾರಾಟದವರು ಮೂರು ನಾಲ್ಕು ಕಡೆ ಓಡಾಡುತ್ತಾರೆ, ಕಚೇರಿಯಲ್ಲಿ ಯಾರೂ ಕೂರುವುದಿಲ್ಲ ಅನ್ನುವವರಿಗೆ ಕ್ಲೌಡ್ ಫೋನ್ ಸರಿ. ಗಿರಾಕಿ ಒಂದೇ ನಂಬರಿಗೆ ಮಾಡುತ್ತಾರೆ. ಕಂಪನಿಯ ಕಂಪ್ಯೂಟರ್ ಅದನ್ನು ನಿಮ್ಮವರ ಮೊಬೈಲ್‌ಗಳಿಗೆ ಒಂದರ ನಂತರ ಒಂದು, ಇಲ್ಲವೇ ಎಲ್ಲಕ್ಕೂ ಒಟ್ಟಿಗೆ ರಿಂಗ್ ಮಾಡುತ್ತದೆ. ನಿಮ್ಮ ಅಂಗಡಿಯಲ್ಲಿ ನೆಟ್ ಇಲ್ಲದಿದ್ದರೂ ಪರವಾಗಿಲ್ಲ, ಮೊಬೈಲ್ ಸಿಗ್ನಲ್ ಇದ್ದರೆ ಆಯ್ತು. ತಪ್ಪಿದ ಕರೆಯ ಪಟ್ಟಿಯೂ ಅಚ್ಚುಕಟ್ಟಾಗಿ ಸಿಗುತ್ತದೆ. ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ. ಗಿರಾಕಿಯ ನಂಬರ್ ನಮ್ಮ ಮೊಬೈಲ್‌ನಲ್ಲಿ ಕಾಣುತ್ತದಾ, ಅಥವಾ ನಿಮ್ಮ ನಂಬರೇ ಕಾಣುತ್ತದಾ? ಒಂದೇ ಸಲಕ್ಕೆ ಎಷ್ಟು ಕರೆ ಹಿಡಿಸುತ್ತದೆ? ನಾವು ಬಿಟ್ಟರೆ ಈ ನಂಬರ್ ಏನಾಗುತ್ತದೆ? ಮೂರನೆಯದಕ್ಕೆ ಬರಹದಲ್ಲಿ ಉತ್ತರ ಕೇಳಿ.

ಇಪ್ಪತ್ತು ಮೂವತ್ತು ಕುರ್ಚಿ ಇರುವ ಕಾರ್ಖಾನೆ, ಆಸ್ಪತ್ರೆ, ಕಾಲೇಜಿಗೆ ಐಪಿ ಪಿಬಿಎಕ್ಸ್, ಅಂದರೆ ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯುವ ಇಪಿಎಬಿಎಕ್ಸ್, ಬರುತ್ತದೆ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಶುರುಮಾಡಿದ ಆಸ್ಟರಿಸ್ಕ್ ಎಂಬ ಉಚಿತ ತಂತ್ರಾಂಶದ ಮೇಲೆ ಇಂಥ ಎಷ್ಟೋ ವ್ಯವಸ್ಥೆಗಳು ನಡೆಯುತ್ತವೆ. ಹೊರಗಿನ ಲೈನಿಗೆ ನೆಟ್ ಮೇಲೆ ಬರುವ ಫೋನ್ ಲೈನ್ ಆದ ಸಿಪ್ ಟ್ರಂಕ್, ಅಥವಾ ಒಂದೇ ಕೇಬಲ್‌ನಲ್ಲಿ 30 ಕರೆ ಹೋಗುವ ಪಿಆರ್‌ಐ. ತಂತ್ರಾಂಶ ಉಚಿತ ಅಂತ ನೆಟ್‌ವರ್ಕ್ ಗೊತ್ತಿರುವ ಒಬ್ಬರು ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಪಾಸ್‌ವರ್ಡ್ ಬದಲಿಸದೆ ಬಿಟ್ಟರೆ ರಾತ್ರೋರಾತ್ರಿ ಯಾರೋ ನಿಮ್ಮ ಲೈನಿನಿಂದ ವಿದೇಶಕ್ಕೆ ಕರೆ ಮಾಡಿ, ಬಿಲ್ ನಿಮ್ಮ ತಲೆಗೆ ಕಟ್ಟುತ್ತಾರೆ. ಐಎಸ್‌ಡಿ ಬೇಡವಾದರೆ ಮೊದಲ ದಿನವೇ ಬಂದ್ ಮಾಡಿಸಿ.

ಹೆಜ್ಜೆ 5: ಕರೆಯ ದಾರಿ ಬರೆಯಿರಿ

ಒಂದು ಹಾಳೆಯಲ್ಲಿ ಬರೆಯಿರಿ: ಮೊದಲು ಕೌಂಟರ್, 15 ಸೆಕೆಂಡ್ ಎತ್ತದಿದ್ದರೆ ವರ್ಕ್‌ಶಾಪ್, ಇನ್ನೂ 15 ಸೆಕೆಂಡ್ ಆದರೆ ಮಾಲೀಕರ ಮೊಬೈಲ್, ರಾತ್ರಿ 8ರ ಮೇಲೆ ಧ್ವನಿ ಸಂದೇಶ. ಭಾನುವಾರಕ್ಕೆ ಬೇರೆ ದಾರಿ. ಈ ಹಾಳೆ ಕೈಯಲ್ಲಿ ಇಲ್ಲದೆ ಯಾರನ್ನೂ ಡಬ್ಬ ಹಾಕಲು ಕರೆಯಬೇಡಿ. ಇಲ್ಲದಿದ್ದರೆ ಅವರಿಗೆ ತೋಚಿದ ಹಾಗೆ ಹಾಕಿ ಹೋಗುತ್ತಾರೆ.

ಧ್ವನಿ ಸಂದೇಶ ಹಾಕುವುದಾದರೆ ಕನ್ನಡ ಮೊದಲು ಬರಲಿ. ಹೋಂಸ್ಟೇಯವರು ಇಂಗ್ಲಿಷ್, ಹಿಂದಿ ಸೇರಿಸಿಕೊಳ್ಳಿ, ಆದರೆ ಆಮೇಲೆ. ಯಂತ್ರದ ಧ್ವನಿ ಬೇಡ. ನಿಮ್ಮ ಅಂಗಡಿಯಲ್ಲಿ ಚೆನ್ನಾಗಿ ಮಾತಾಡುವ ಒಬ್ಬರಿಂದ ಫ್ಯಾನ್ ಆರಿಸಿ, ಬಾಗಿಲು ಹಾಕಿ ಹೇಳಿಸಿ. ನಮ್ಮದರಲ್ಲಿ ನನ್ನ ಅಕ್ಕನ ಧ್ವನಿ ಇದೆ: ‘ನಮಸ್ಕಾರ. ಸ್ಪೇರ್ ಬೇಕಿದ್ದರೆ 1 ಒತ್ತಿ. ರಿಪೇರಿ ವಿಷಯಕ್ಕೆ 2 ಒತ್ತಿ. ಏನೂ ಒತ್ತದಿದ್ದರೂ ಪರವಾಗಿಲ್ಲ, ಲೈನಲ್ಲೇ ಇರಿ, ನಾವು ಎತ್ತುತ್ತೇವೆ.’ ಆ ಕೊನೆಯ ಮಾತು ಬಹಳ ಮುಖ್ಯ. ವಯಸ್ಸಾದವರು, ಕೈಯಲ್ಲಿ ಗ್ರೀಸ್ ಮೆತ್ತಿಕೊಂಡವರು, ಕೀಪ್ಯಾಡ್ ಹುಡುಕಲು ಬಾರದವರು ಗಾಬರಿಯಾಗುವುದಿಲ್ಲ. ಮೂರಕ್ಕಿಂತ ಹೆಚ್ಚು ಆಯ್ಕೆ ಕೊಡಬೇಡಿ. ‘1 ಒತ್ತಿ, ಸ್ಪೇರ್ ಬೇಕಿದ್ದರೆ’ ಅಂತ ತಿರುಗಿಸಿಯೂ ಹೇಳಬೇಡಿ. ತಮಗೆ ಬೇಕಾದ್ದು ಕಿವಿಗೆ ಬೀಳುವ ಹೊತ್ತಿಗೆ ಅಂಕಿ ಮರೆತಿರುತ್ತದೆ.

ಹೆಜ್ಜೆ 6: ಕೊಟೇಶನ್ ಓದುವುದು

ಮೂರು ಕಡೆ ಕೊಟೇಶನ್ ತನ್ನಿ. ಒಟ್ಟು ಮೊತ್ತ ನೋಡಿ ತೀರ್ಮಾನಿಸಬೇಡಿ, ಮೂರು ವರ್ಷಕ್ಕೆ ಎಷ್ಟಾಗುತ್ತದೆ ಅಂತ ಕೂಡಿಸಿ ನೋಡಿ. ಡಬ್ಬ, ಫೋನ್‌ಗಳು, ತಂತಿ, ಕೂಲಿ, ತಿಂಗಳ ಬಾಡಿಗೆ, ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ), ಬ್ಯಾಟರಿ ಎಲ್ಲ ಸೇರಿಸಿ. ಎಎಂಸಿಯಲ್ಲಿ ಸಿಡಿಲಿನಿಂದ ಕೆಟ್ಟರೆ ಸೇರುತ್ತದಾ ಅಂತ ಕೇಳಿ. ಬಹಳ ಕಡೆ ಸೇರುವುದಿಲ್ಲ, ನಮ್ಮಲ್ಲಿ ಕೆಡುವುದು ಮಾತ್ರ ಹೆಚ್ಚಾಗಿ ಅದರಿಂದಲೇ. ಇನ್ನೊಂದು ವಿಷಯ, ರಿಪೇರಿಗೆ ಜನ ಎಲ್ಲಿಂದ ಬರುತ್ತಾರೆ? ಬೆಂಗಳೂರಿನಿಂದ ಬರಬೇಕಾದರೆ ಮಳೆಗಾಲದಲ್ಲಿ ನಿಮ್ಮ ಫೋನ್ ಒಂದು ವಾರ ಮಲಗಿರುತ್ತದೆ. ಸ್ವಲ್ಪ ದುಬಾರಿಯಾದರೂ ಚಿಕ್ಕಮಗಳೂರು ಅಥವಾ ಹಾಸನದಲ್ಲಿ ಕೈಗೆ ಸಿಗುವವರಿಂದ ಕೊಳ್ಳಿ. ನಾನು ಹಾಗೇ ಮಾಡಿದೆ, ಪಶ್ಚಾತ್ತಾಪ ಇಲ್ಲ.

ಹೆಜ್ಜೆ 7: ಕಾನೂನಿನ ಮಾತು, ಚಿಕ್ಕದಾಗಿ

ಸಿಪ್ ಲೈನನ್ನು ಪರವಾನಗಿ ಇರುವ ದೂರಸಂಪರ್ಕ ಕಂಪನಿಯಿಂದಲೇ ಪಡೆಯಿರಿ. ‘ನಿಮ್ಮ ಅಂಗಡಿಯಲ್ಲಿ ಒಂದು ಸಿಮ್ ಡಬ್ಬ ಇಡುತ್ತೇವೆ, ತಿಂಗಳಿಗಿಷ್ಟು ಬಾಡಿಗೆ ಕೊಡುತ್ತೇವೆ’ ಅಂತ ಯಾರಾದರೂ ಬಂದರೆ ಬಾಗಿಲು ತೋರಿಸಿ. ವಿದೇಶದ ಕರೆಯನ್ನು ಕದ್ದು ಸ್ಥಳೀಯ ಕರೆಯಾಗಿ ತಿರುಗಿಸುವುದು ಅಪರಾಧ, ಪೊಲೀಸರು ಬರುವುದು ನಿಮ್ಮ ಮನೆಗೆ. ಪ್ರಚಾರದ ಕರೆಗೆ 140ರಿಂದ ಶುರುವಾಗುವ ಸರಣಿ ಇದೆ. ಸಾಮಾನ್ಯ ಮೊಬೈಲ್‌ನಿಂದ ಸಾಲುಸಾಲಾಗಿ ಪ್ರಚಾರದ ಕರೆ ಮಾಡಿದರೆ, ದೂರು ಹೋದಾಗ ನಂಬರೇ ಬಂದ್ ಆಗಬಹುದು. ಕರೆ ರೆಕಾರ್ಡ್ ಮಾಡುವುದಾದರೆ ಶುರುವಿನಲ್ಲೇ ಅದನ್ನು ಹೇಳಿ. ಗಿರಾಕಿಯ ವಿವರ ಜೋಪಾನ ಮಾಡುವ ಹೊಣೆ 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ನಮ್ಮ ಮೇಲೇ ಇದೆ.

ಹೆಜ್ಜೆ 8: ತಂತಿ ಎಳೆಯುವುದು

ಕ್ಯಾಟ್-6 ನೆಟ್‌ವರ್ಕ್ ಕೇಬಲ್ 100 ಮೀಟರ್ ತನಕ ಮಾತ್ರ ನಂಬಿಕಸ್ಥ. ಕಾಟೇಜ್‌ಗಳು ತೋಟದೊಳಗೆ 200, 300 ಮೀಟರ್ ದೂರದಲ್ಲಿದ್ದರೆ ಐಪಿ ಫೋನಿಗೆ ಆ ಕೇಬಲ್ ಎಳೆಸಿ ದುಡ್ಡು ಹಾಳು ಮಾಡಬೇಡಿ. ಸಾದಾ ಟೆಲಿಫೋನ್ ತಂತಿಯಲ್ಲಿ ಇಪಿಎಬಿಎಕ್ಸ್ ಇಂಟರ್‌ಕಾಮ್ ಅಷ್ಟು ದೂರ ಸಲೀಸಾಗಿ ಹೋಗುತ್ತದೆ. ಕಾಟೇಜಿಗೆ ನೆಟ್ ಕೂಡ ಬೇಕು ಅಂದರೆ ಫೈಬರ್ ಎಳೆಸಿ.

ಮರದಿಂದ ಮರಕ್ಕೆ ಕಟ್ಟಿದ ತಂತಿಯನ್ನು ಮಂಗಗಳು ಜೋಲಿ ಮಾಡುತ್ತವೆ, ಗಾಳಿಗೆ ಕೊಂಬೆ ಬೀಳುತ್ತದೆ. ಪೈಪಿನೊಳಗೆ ಹಾಕಿ ನೆಲದಡಿ ಹೂಳಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಉದ್ದದ ತಾಮ್ರದ ತಂತಿ ಸಿಡಿಲನ್ನು ಒಳಗೆ ಕರೆತರುತ್ತದೆ. ಹೊರಗಿನಿಂದ ಬರುವ ಪ್ರತಿ ತಂತಿಗೂ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದರ ಅರ್ತ್ ತಂತಿ ನಿಜವಾಗಿ ಅರ್ತಿಂಗ್ ಗುಂಡಿಗೆ ಸೇರಿದೆಯಾ ಅಂತ ಕಣ್ಣಾರೆ ನೋಡಿ. ನಮ್ಮಲ್ಲಿ ಅದು ಗೋಡೆಯ ಹಿಂದೆ ಎಲ್ಲಿಗೂ ಸೇರದೆ ತುಂಡಾಗಿ ಜೋತಾಡುತ್ತಿತ್ತು. ಒಂದು ಸಂಜೆಯ ಸಿಡಿಲಿಗೆ ಡಬ್ಬ, ಎರಡು ಫೋನು, ರೂಟರ್ ಹೋದ ಮೇಲೆ ಅದು ಕಂಡಿತು.

ಹೆಜ್ಜೆ 9: ಹಳೆಯದನ್ನು ಬಿಡುವ ಮೊದಲು

ಹಳೇ ನಂಬರನ್ನು ಒಂದು ಪೂರ್ತಿ ಸೀಸನ್ ಇಟ್ಟುಕೊಳ್ಳಿ, ಹೊಸದಕ್ಕೆ ಫಾರ್ವರ್ಡ್ ಮಾಡಿ. ಇದನ್ನು ಫೋನಿನ ಸೆಟ್ಟಿಂಗ್‌ಗೆ ಹೋಗಿ ನೀವೇ ಮಾಡಿ. ಸ್ಟಾರ್, ಹ್ಯಾಶ್ ಇರುವ ಯಾವುದೋ ಕೋಡ್ ಒತ್ತಿ ಅಂತ ಫೋನಿನಲ್ಲಿ ಹೇಳುವವರನ್ನು ನಂಬಬೇಡಿ. ನಿಮ್ಮ ಕರೆಗಳನ್ನು ಕದಿಯಲು ಮೋಸಗಾರರು ಹೂಡುವ ಆಟ ಅದು. ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡುವಾಗ ಮುಂದೆ 0 ಹಾಕಬೇಕು, 2021ರ ಜನವರಿ 15ರಿಂದ ಇರುವ ನಿಯಮ. ನಿಮ್ಮ ಇಪಿಎಬಿಎಕ್ಸ್ ಹೊರಗಿನ ಲೈನ್ ಹಿಡಿಯಲು 0 ಕೇಳುವುದಾದರೆ ಎರಡು ಸೊನ್ನೆ ಒತ್ತಬೇಕು. ಹೊಸ ಹುಡುಗರಿಗೆ ಇದನ್ನು ಬರೆದು ಫೋನಿನ ಪಕ್ಕ ಅಂಟಿಸಿ.

ಆಮೇಲೆ ನಿಮ್ಮದೇ ಅಂಗಡಿಗೆ ನೀವೇ ಗಿರಾಕಿಯಾಗಿ ಫೋನ್ ಮಾಡಿ. ಬೆಳಿಗ್ಗೆ 8.30ಕ್ಕೆ ಮಾಡಿ, ಊಟದ ಹೊತ್ತಿಗೆ ಮಾಡಿ, ರಾತ್ರಿ 9ಕ್ಕೆ ಮಾಡಿ. ಸಂಬಂಧಿಕರಿಗೆ ಹೇಳಿ ಒಟ್ಟಿಗೆ ನಾಲ್ಕು ಜನರಿಂದ ಮಾಡಿಸಿ. ಕೊನೆಗೆ ಮೇನ್ ಸ್ವಿಚ್ ಆರಿಸಿ, ಫೋನ್ ಎಷ್ಟು ಗಂಟೆ ಬದುಕಿರುತ್ತದೆ ನೋಡಿ. ಆ ಅಂಕಿಯನ್ನು ಡಬ್ಬದ ಮೇಲೆ ತಾರೀಖು ಸಮೇತ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ. ನಮ್ಮ ಡಬ್ಬದ ಮೇಲೆ ಮೊದಲ ವರ್ಷ 19 ಗಂಟೆ ಅಂತಿದೆ, ಅದರ ಕೆಳಗೆ 16. ಈ ಸಲ ಮೇ ಕೊನೆಯಲ್ಲಿ ಮತ್ತೆ ನೋಡುತ್ತೇನೆ. 12ಕ್ಕಿಂತ ಕೆಳಗೆ ಬಂದರೆ ಮಳೆ ಹಿಡಿಯುವ ಮುಂಚೆ ಬ್ಯಾಟರಿ ಬದಲಿಸುತ್ತೇನೆ.